ತಪ್ಪಿಲ್ಲದ ಮೂರು ಹಾಸು

ಎಳೆ ಬೆರಳುಗಳ ನಡುವೆ ಇದೆಯೋ ಜಾರಿತೋ ಎಂದು ತಿಳಿಯಬೇಕಾದರೆ ಕಲೈವಾಣಿ ಈಗ ಕಣ್ಣಿನಿಂದ ನೋಡಬೇಕಾಗಿತ್ತು, ಅದೂ ಎಡಗಣ್ಣಿನಿಂದ. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ರೇಷ್ಮೆಯ ಗುರುತೇ ಮರೆತುಹೋಗಿತ್ತು. ಬಲಗಣ್ಣಿಗೆ ಬಿಳಿಯ ಪಕ್ಕದ ಬಿಳಿ ಬೇರೆಯಾಗಿ ಕಾಣುತ್ತಿರಲಿಲ್ಲ. ಅತ್ತೆ ತನ್ನ ಹಳೆಯ ಕಪ್ಪು ಲಂಗವೊಂದನ್ನು ಹರಿದು ಎಳೆಗಳ ಕೆಳಗೆ ಹಾಸಿಕೊಟ್ಟಿದ್ದಳು. ನೇಯ್ದು ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ಬಾಲದಿಂದ ಒಂದೆಳೆ, ಹೊಸ ಹಾಸಿನಿಂದ ಒಂದೆಳೆ. ಎರಡನ್ನೂ ಸೇರಿಸಿ, ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು, ಮಡಿಸಿ ಬಿಟ್ಟರೆ ಒಂದು ಕೆಚ್ಚು. ಪಂಚೆಯ ಅಗಲಕ್ಕೆ ಅಂಥವು ನಾಲ್ಕು ಸಾವಿರ. ಎಲ್ಲ ಕೆಚ್ಚಿ ಮುಗಿದ ಮೇಲೆ ಹೊಸ ಹಾಸು ಹಳೆಯದರ ಬಾಲ ಹಿಡಿದು ಮಗ್ಗದ ಹಣಿಗೆಯ ಹಲ್ಲುಗಳೊಳಗೆ ನುಸುಳಿ ಬರುತ್ತದೆ, ಮರುದಿನ ಗಂಡ ಮಗ್ಗದ ಗುಂಡಿಗೆ ಇಳಿಯುತ್ತಾನೆ. ಒಂದೆಳೆ ತಪ್ಪಿದರೆ, ಎರಡು ಎಳೆ ಒಂದಕ್ಕೇ ಕೂಡಿಕೊಂಡರೆ, ಆ ಗೆರೆ ಪಂಚೆಯ ಉದ್ದಕ್ಕೂ ಓಡುತ್ತದೆ. ಬಿಳಿ ರೇಷ್ಮೆಯಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಮೊದಲು ಅವಳು ಈ ಕೆಲಸವನ್ನು ಮಗಳ ಜೊತೆ ಜಗಳವಾಡುತ್ತ, ಒಲೆಯ ಮೇಲಿನ ಸಾರಿಗೆ ಕಿವಿಗೊಟ್ಟು, ಕೆಳಗೆ ನೋಡದೆಯೇ ಮಾಡುತ್ತಿದ್ದಳು. ಮದುವೆಯಾಗಿ ಗುಗೈಯ ಈ ನೇಕಾರರ ಬೀದಿಗೆ ಬಂದ ಹೊಸದರಲ್ಲಿ ಮಾವ ಮುನುಸ್ವಾಮಿ, ನಮ್ಮ ಸೊಸೆ ಬೆರಳಲ್ಲಿ ಕಣ್ಣೈತೆ ಕಣ್ರೋ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದರು. ಆಗ ಅವಳಿಗೆ ನಾಚಿಕೆಯಾಗಿತ್ತು. ಈಗ ಆ ಮಾತು ನೆನಪಾದರೆ ಸತ್ತ ಮಾವನ ಮೇಲೂ ರೇಗುತ್ತದೆ.

"ಏನಮ್ಮಾ, ಕೈ ನಿಂತೋಯ್ತು?" ಎದುರು ಅಂಚಿನಿಂದ ಕೆಚ್ಚುತ್ತ ಬರುತ್ತಿದ್ದ ಚೆಲ್ಲಮ್ಮ ತಲೆ ಎತ್ತದೆ ಕೇಳಿದಳು. ಎಪ್ಪತ್ತರ ಹತ್ತಿರದ ಅತ್ತೆಯ ಕೈ ನಿಧಾನ, ಆದರೆ ತಪ್ಪುವುದಿಲ್ಲ.

"ನಿಂತಿಲ್ಲ ಅತ್ತೆ. ಬೂದಿ ಹಚ್ಕೊಂಡೆ."

"ಬೂದಿ ಹಚ್ಕೊಂಡು ಹಚ್ಕೊಂಡು ಸಾಮಿಯಾರಾಗೋದೆ. ಪಕ್ಕದಲ್ಲಿರೋ ಹುರುಳಿ ತಿನ್ನು. ಬೆಳಗ್ಗೆಯಿಂದ ಹಂಗೇ ಐತೆ."

ಹುರುಳಿ. ಮೊಳಕೆ ಬರಿಸಿ, ಬೇಯಿಸಿ, ಬಟ್ಟಲಲ್ಲಿ ಹಾಕಿ, ಅವಳು ಎಲ್ಲಿ ಕೂತರೆ ಅಲ್ಲಿಗೆ ಹಿಂದೆಯೇ ಬರುವ ಹುರುಳಿ. ಮಗಳು ಶರಣ್ಯ ಒಂದು ಸಂಜೆ ಫಾರ್ಮಸಿ ಕಾಲೇಜಿನಿಂದ ಆ ಹಾಳೆಗಳನ್ನು ಪ್ರಿಂಟು ಹಾಕಿಸಿಕೊಂಡು ಬಂದಂದಿನಿಂದ ಈ ಮನೆಯಲ್ಲಿ ಪ್ರೋಟೀನು ಎಂಬ ಮಾತು ಉಪ್ಪಿನ ಹಾಗೆ ಎಲ್ಲದರಲ್ಲೂ ಬೀಳುತ್ತಿತ್ತು. ಶರಣ್ಯ ಮಗ್ಗದ ಪಕ್ಕ ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು, "ಅಮ್ಮಾ, ಇಂಗೆ ಪಾರು, ಕೊಂಜ ಕೇಳು" ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ವಿವರಿಸಿದ್ದಳು. ನರದ ಮೇಲೊಂದು ಹೊದಿಕೆ ಇರುತ್ತದೆ, ಮೈಲಿನ್ ಎಂದು ಅದರ ಹೆಸರು. ಅಮ್ಮನಿಗೆ ಬಂದಿರುವ ಕಾಯಿಲೆಯಲ್ಲಿ ಮೈಯನ್ನು ಕಾಯಬೇಕಾದ ಕಣಗಳೇ ಆ ಹೊದಿಕೆಯನ್ನು ಅಲ್ಲಲ್ಲಿ ತಿಂದುಹಾಕುತ್ತವೆ. ಹೊದಿಕೆ ಹೋದ ಜಾಗದಲ್ಲಿ ಸುದ್ದಿ ಸರಿಯಾಗಿ ಓಡುವುದಿಲ್ಲ. ಬೆರಳು ಮುಟ್ಟಿದ್ದು ತಲೆಗೆ ತಲುಪುವುದಿಲ್ಲ. ಆದರೆ ತಲೆಯೊಳಗೆ ಇನ್ನೂ ಬಲಿಯದ ಕೆಲವು ಕಣಗಳಿವೆ, ಬಲಿತರೆ ಅವು ಹೊಸ ಹೊದಿಕೆ ಸುತ್ತಬಲ್ಲವು. ಗಾಯದ ಹತ್ತಿರಕ್ಕೆ ಬಂದೂ ಅವು ಯಾಕೋ ಬಲಿಯದೆ ಸುಮ್ಮನೆ ಕೂತುಬಿಡುತ್ತವೆ. ಬೆಳವಣಿಗೆಗೆ ಒತ್ತು ಕೊಡುವ ಒಂದು ಬಗೆಯ ಪ್ರೋಟೀನುಗಳು ಅವುಗಳನ್ನು ಎಬ್ಬಿಸುತ್ತವೆಯಂತೆ. ಇಲಿಗಳಲ್ಲಿ ಎಬ್ಬಿಸಿದ್ದಾರೆ. ಹೊದಿಕೆ ಮತ್ತೆ ಬೆಳೆದಿದೆ, ಮೊದಲಿನದಕ್ಕಿಂತ ತೆಳು, ಆದರೆ ಬೆಳೆದಿದೆ. "ಮನುಷ್ಯರಿಗೆ?" ಎಂದು ಕಲೈವಾಣಿ ಕೇಳಿದ್ದಳು. "ಇನ್ನೂ ಪರೀಕ್ಷೆ ಮಾಡ್ತಾ ಇದಾರಮ್ಮಾ. ವರ್ಷಗಳು ಆಗ್ಬೋದು. ಆದ್ರೆ ಯೋಚ್ನೆ ಮಾಡು, ಮೈ ಒಳಗೇ ರಿಪೇರಿ ಮಾಡೋರು ಇದಾರೆ!"

ಅಷ್ಟೇ ಸಾಕಾಯಿತು. ವರ್ಷಗಳು ಎಂಬ ಮಾತು ಅಲ್ಲಿಯೇ ನೆಲದ ಮೇಲೆ ಬಿದ್ದುಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಗಂಡ ಧನಶೇಖರ್ ಲಾಳಿ ಕೈಯಲ್ಲಿ ಹಿಡಿದೇ, "ಅಂಗಂದ್ರೆ ಗಂಜಿ ಉದುರಿದ ಎಳೆಗೆ ಮತ್ತೆ ಗಂಜಿ ಹಾಕ್ದಂಗೆ" ಎಂದಿದ್ದ. ಮುಖವೆಲ್ಲ ಹೊಳೆಯುತ್ತಿತ್ತು. ಅವನ ಅಪ್ಪ ಹತ್ತಿ ನೇಯುತ್ತಿದ್ದ ಕಾಲದಲ್ಲಿ ಬೆಳಗಿನ ಜಾವ ಬೀದಿಯುದ್ದಕ್ಕೂ ಹಾಸು ಎಳೆದುಕಟ್ಟಿ ಗಂಜಿ ಬಳಿಯುತ್ತಿದ್ದರು, ಅದನ್ನು ನೋಡಿ ಬೆಳೆದವನು. ಆಮೇಲೆ ಯಾರು ಮನೆಗೆ ಬಂದರೂ ಅವನು ಅದನ್ನೇ ಹೇಳಿದ. ಬಂದವರೂ ಆಹಾ ಎಂದರು. ನೇಕಾರರ ಬೀದಿಯಲ್ಲಿ ನರದ ಕಾಯಿಲೆ ಇಷ್ಟು ಸುಲಭವಾಗಿ ಯಾರಿಗೂ ಅರ್ಥವಾಗಿರಲಿಲ್ಲ. ಗಂಜಿ ಇರುವುದು ನೇಯುವತನಕ ಎಳೆ ತಡೆದುಕೊಳ್ಳಲಿ ಎಂದು, ನೇಯ್ದ ಮೇಲೆ ಅದನ್ನು ತೊಳೆದುಹಾಕುತ್ತೇವಲ್ಲ, ನನ್ನ ನರವನ್ನೇನು ಮಡಿಸಿ ನೇಕಾರರ ಸೊಸೈಟಿಗೆ ಕೊಡುವುದಿದೆಯೇ ಎಂದು ಕೇಳಬೇಕೆಂದು ಕಲೈವಾಣಿಗೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಕೇಳಿದರೆ, ಇವಳಿಗೆ ನಂಬಿಕೆ ಕಮ್ಮಿ, ಅದಕ್ಕೇ ವಾಸಿಯಾಗುತ್ತಿಲ್ಲ ಎಂಬುದು ಶುರುವಾಗುತ್ತದೆ. ನಾದಿನಿ ಪಾಲಕೋಡಿನಿಂದ ಪ್ರೋಟೀನ್ ಪೌಡರಿನ ಡಬ್ಬಿ ಕಳಿಸಿದಳು, ಓರಗಿತ್ತಿ ಇನ್ನೊಂದು, ಎದುರು ಮನೆಯ ನಾರಾಯಣಮ್ಮ ಮೊಮ್ಮಗನಿಗೆ ತಂದಿದ್ದರಲ್ಲಿ ಅರ್ಧ. "ಅಜ್ಜೀ, ಅದು ಬೇರೆ, ಇದು ಬೇರೆ. ತಿಂದ್ರೆ ತಲೆ ಒಳಗೆ ಓಗಲ್ಲ" ಎಂದು ಶರಣ್ಯ ತಲೆ ಚಚ್ಚಿಕೊಂಡಳು. "ತಿನ್ನದೆ ಏನೇ ಬೆಳೀತೈತೆ ಭೂಮಿ ಮೇಲೆ? ನೀನು ಇಷ್ಟುದ್ದ ಬೆಳೆದಿದ್ದು ಗಾಳಿ ಕುಡಿದಾ?" ಎಂದಳು ಚೆಲ್ಲಮ್ಮ. ವಾದ ಅಲ್ಲಿಗೆ ಮುಗಿಯಿತು. ಮರುದಿನದಿಂದ ಹುರುಳಿ.

ಒಂದು ಎಳೆ ಜಾರಿತು. ಅಥವಾ ಜಾರಲಿಲ್ಲ. ಅವಳು ಬಲಗಣ್ಣನ್ನು ಮುಚ್ಚಿ ಬಾಗಿ ನೋಡಿದಳು. ಬೆರಳ ನಡುವೆ ಏನೂ ಇರಲಿಲ್ಲ, ಆದರೆ ಬೆರಳು ಹೊಸೆಯುತ್ತಲೇ ಇತ್ತು. ಇದು ಅವಳಿಗೆ ಎಲ್ಲಕ್ಕಿಂತ ಹೇಸಿಗೆ ತರಿಸುವ ವಿಷಯ: ಕೈ ಸುಳ್ಳು ಕೆಲಸ ಮಾಡುತ್ತದೆ, ಮಾಡಿದೆ ಎಂದು ಹೇಳುತ್ತದೆ. ನಾಲ್ಕು ವರ್ಷದ ಹಿಂದೆ ಮೊದಲು ಸುಳ್ಳು ಹೇಳಿದ್ದು ಕಣ್ಣು. ಪಾಲಕೋಡಿನಲ್ಲಿ ಮದುವೆ ಮುಗಿಸಿಕೊಂಡು ಬರುತ್ತಿದ್ದರು. ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಅಡ್ಡಬಿದ್ದು ಬಸ್ಸು ನಿಂತಿತ್ತು. ಕಿಟಕಿಯಾಚೆ ಮಂಜು ಇಳಿದಿದೆ ಎಂದುಕೊಂಡಿದ್ದಳು, ಮಟಮಟ ಮಧ್ಯಾಹ್ನ. "ಏನ್ರೀ, ಈ ಹೊತ್ತಲ್ಲಿ ಮಂಜು!" ಎಂದಾಗ ಧನಶೇಖರ್ ಹೊರಗೆ ನೋಡಿ, ಅವಳನ್ನು ನೋಡಿ, ನಕ್ಕಿದ್ದ. ಗಂಜಿನೀರಿನೊಳಗಿಂದ ನೋಡಿದ ಹಾಗೆ ಅವನ ನಗು ಕಂಡಿತ್ತು. ಆಮೇಲೆ ದೊಡ್ಡಾಸ್ಪತ್ರೆ, ಸುರಂಗದಂಥ ಯಂತ್ರದೊಳಗೆ ಅಲ್ಲಾಡದೆ ಮಲಗಿದ್ದು, ನರದ ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆಗಳನ್ನು ತೋರಿಸಿದ್ದು. ಅವರು ಬಿಡಿಸಿ ಹೇಳುವ ಮನುಷ್ಯ. ಹೋದದ್ದನ್ನು ತರುವ ಔಷಧಿ ನಮ್ಮಲ್ಲಿ ಇನ್ನೂ ಇಲ್ಲಮ್ಮ, ಇರುವುದನ್ನು ಕಾಯುವ ಔಷಧಿ ಇದೆ, ಎಂದಿದ್ದರು ತಮಿಳಿನಲ್ಲಿ. ಈ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೂ ಕೈ ಸೋತರೆ, ಕಾಲು ಸೋತರೆ, ಮುಚ್ಚಿಡಬಾರದು. ಆಗ ಬೇರೆ ಔಷಧಿಗೆ, ಡ್ರಿಪ್ಪಿನಲ್ಲಿ ಕೊಡುವುದಕ್ಕೆ, ಬದಲಾಯಿಸಬೇಕು. ತಡವಾದರೆ ಇರುವುದೂ ಹೋಗುತ್ತದೆ. ಧನಶೇಖರ್ ಪ್ರತಿ ಮಾತಿಗೂ "ಸರಿಂಗ ಸಾರ್, ಸರಿಂಗ ಸಾರ್" ಎಂದಿದ್ದ. ಹೊರಗೆ ಬಂದ ಮೇಲೆ, "ಡಾಕ್ಟ್ರು ಅಂದ್ರೆ ಅಂಗೇ ಎದುರ್ಸೋದು" ಎಂದ.

ಹೋದ ವರ್ಷ ಕೈಯೂ ಶುರುವಾಯಿತು. ಅವಳು ಕೆಚ್ಚಿದ ಹಾಸಿನಿಂದ ನೇಯ್ದ ಪಂಚೆಯೊಂದನ್ನು ಸೊಸೈಟಿಯವನು ಬೆಳಕಿಗೆ ಹಿಡಿದು, ಉದ್ದಕ್ಕೂ ಓಡಿದ ಗೆರೆಯ ಮೇಲೆ ಉಗುರು ಎಳೆದು ತೋರಿಸಿದನಂತೆ. ಹಣಿಗೆಯಲ್ಲಿ ನನ್ನದೇ ತಪ್ಪು ಎಂದು ಹೇಳಿ ಬಂದೆ, ನೀನು ಮನಸ್ಸಿಗೆ ಹಾಕಿಕೊಳ್ಳಬೇಡ, ಎಂದು ಧನಶೇಖರ್ ಮನೆಗೆ ಬಂದು ಎಲ್ಲರೆದುರು ಹೇಳಿದ. ಹಾಗೆ ಹೇಳದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಅವನ ಒಳ್ಳೆಯತನದಲ್ಲಿ ಯಾವಾಗಲೂ ಇಂಥ ಒಂದು ಮುಳ್ಳಿರುತ್ತದೆ; ತೆಗೆಯಲು ಹೋದರೆ ಒಳ್ಳೆಯವನಿಗೆ ನೋವಾಗುತ್ತದೆ. ಆದರೆ ಅದರ ನಂತರ ಒಂದು ವಿಚಿತ್ರ ನಡೆಯಿತು. ಮುಂದಿನ ಹಾಸಿನಲ್ಲಿ ಒಂದು ತಪ್ಪೂ ಬರಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಮೂರು ಹಾಸು, ಒಂದೊಂದಕ್ಕೂ ತಿಂಗಳ ಮೇಲೆ, ಒಂದು ಗೆರೆಯಿಲ್ಲ. "ನೋಡ್ದಾ, ಕೈ ಮೊದಲ್ನಂಗೆ ಆಯ್ತಾ ಐತೆ" ಎಂದ ಧನಶೇಖರ್. ಅವಳಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಬೆರಳು ಮೊದಲಿಗಿಂತ ಮರದ ಕೊರಡಿನ ಹಾಗಿತ್ತು, ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ಆದರೆ ನೇಯ್ದ ಬಟ್ಟೆ ಸುಳ್ಳು ಹೇಳುವುದಿಲ್ಲವಲ್ಲ. ಈ ಬೀದಿಯಲ್ಲಿ ಮನುಷ್ಯರ ಮಾತಿಗಿಂತ ಅದಕ್ಕೇ ಬೆಲೆ. ಎಳೆ ಸರಿಯಾಗಿ ಕೂಡಿದ್ದರೆ ಕೂಡಿಸಿದ ಕೈ ಸರಿಯಾಗಿದೆ ಎಂದೇ ಅರ್ಥ. ಹುರುಳಿಯ ಬಟ್ಟಲನ್ನು ಎಷ್ಟು ಬೈದುಕೊಂಡರೂ, ಇಲಿಗಳನ್ನು ಎಷ್ಟು ಹಾಸ್ಯ ಮಾಡಿಕೊಂಡರೂ, ಒಳಗೆಲ್ಲೋ ಅವಳೂ ನಂಬತೊಡಗಿದ್ದಳು. ಆ ಬಲಿಯದ ಕಣಗಳು ಎದ್ದಿರಬಹುದು. ತೆಳುವಾಗಿ, ಮೊದಲಿನಷ್ಟು ಚಂದವಿಲ್ಲದೆ, ಏನೋ ಸುತ್ತುತ್ತಿರಬಹುದು. ಎರಡು ತಿಂಗಳ ಹಿಂದೆ ಡಾಕ್ಟರು ಕೈ ಹೇಗಿದೆ ಎಂದು ಕೇಳಿದಾಗ ಗಂಡ ಬಾಯಿ ತೆಗೆಯುವ ಮೊದಲೇ ಅವಳೇ, "ಇಪ್ಪೊ ಪರವಾಯಿಲ್ಲೆ ಸಾರ್" ಎಂದು ಶುರುಮಾಡಿ, ಎರಡು ಹಾಸಲ್ಲಿ ಒಂದು ತಪ್ಪೂ ಬಂದಿಲ್ಲ ಎಂದು ತಮಿಳಿನಲ್ಲಿ ಹೇಳಿದ್ದಳು. ಡಾಕ್ಟರು ಸಂತೋಷಪಟ್ಟು, ಹಾಗಾದರೆ ಸ್ಕ್ಯಾನು ಈಗ ಬೇಡ, ಮುಂದಕ್ಕೆ ಹಾಕೋಣ, ಎಂದು ಚೀಟಿಯಲ್ಲಿ ಬರೆದುಕೊಟ್ಟರು.

"ಸಾಕು ಏಳಮ್ಮಾ. ಬಿಸಿಲು ಏರ್ತು. ಉಂಡು ಒಂದು ಗಳಿಗೆ ಮಲಕ್ಕೊ" ಎಂದಳು ಚೆಲ್ಲಮ್ಮ.

"ಇನ್ನೊಂದು ನೂರು ಕೆಚ್ತೀನಿ ಅತ್ತೆ."

"ಲೇ ವಾಣಿ, ಅಮ್ಮ ಏಳೋದು ಕೇಳು" ಎಂದ ಧನಶೇಖರ್ ಬಾಗಿಲಲ್ಲಿ ನಿಂತು. "ಬಿಸ್ಲಲ್ಲಿ ನಿಂಗೆ ಆಗಲ್ಲ. ಡಾಕ್ಟ್ರೇ ಏಳವ್ರೆ."

ಅದು ನಿಜ. ಬಿಸಿಲು ಏರಿದರೆ ಅವಳ ಕಾಲು ಒದ್ದೆ ಬಟ್ಟೆಯ ಹಾಗೆ ಆಗುತ್ತದೆ, ಬಲಗಣ್ಣು ಪೂರ್ತಿ ಆರುತ್ತದೆ. ಆದರೂ ಪ್ರತಿ ಹಾಸಿಗೂ ಅರ್ಧ ಕೆಚ್ಚಿದ ಹೊತ್ತಿಗೆ ಇವರಿಬ್ಬರೂ ಸೇರಿ ಅವಳನ್ನು ಮಗುವಿನ ಹಾಗೆ ಒಳಕೋಣೆಗೆ ಅಟ್ಟುವುದು, ಒದ್ದೆ ಟವೆಲು ಹೊದಿಸುವುದು, ಬಾಗಿಲು ಎಳೆದುಕೊಳ್ಳುವುದು, ಇದರಲ್ಲಿ ಅವಳಿಗೆ ಪ್ರೀತಿಗಿಂತ ಹೆಚ್ಚಾಗಿ ಅವಸರ ಕಾಣುತ್ತಿತ್ತು. ಅವಳು ಉಂಡಳು. ಹುರುಳಿಯನ್ನೂ ತಿಂದಳು, ಮಾತು ಬೆಳೆಸುವ ಶಕ್ತಿಯಿಲ್ಲದೆ. ಮಲಗಿದಳು. ಫ್ಯಾನು ತಿರುಗುತ್ತಿತ್ತು; ಅದರ ಸದ್ದಿನಲ್ಲಿ ಮನೆಯ ಬೇರೆ ಯಾವ ಸದ್ದೂ ಕೇಳುವುದಿಲ್ಲ. ಪ್ರತಿ ಸಲವೂ ಅವಳಿಗೆ ನಿದ್ದೆ ಹತ್ತುತ್ತದೆ, ಈ ಕಾಯಿಲೆಯ ದಣಿವು ಅಂಥದ್ದು, ಬಾವಿಗೆ ಬಿದ್ದ ಕೊಡದ ಹಾಗೆ ಇಳಿದುಹೋಗುತ್ತಾಳೆ. ಆದರೆ ಈ ದಿನ ಕರೆಂಟು ಹೋಯಿತು.

ಫ್ಯಾನು ನಿಂತಾಗ ಬಳೆಗಳ ಸದ್ದು ಕೇಳಿಸಿತು. ಅತ್ತೆಯ ಕೈಯಲ್ಲಿ ಬಳೆಯಿಲ್ಲ. ತಲೆಗೆ ಒಂದು ಚೊಂಬು ನೀರು ಸುರಿದುಕೊಳ್ಳೋಣವೆಂದು ಗೋಡೆ ಹಿಡಿದು ಎದ್ದವಳು ಹಿತ್ತಲಿಗೆ ಹೋಗುವ ಓಣಿಯಲ್ಲಿ ನಿಂತಳು. ಮಗ್ಗದ ಕೋಣೆಯ ಕಿಟಕಿ ಅರ್ಧ ತೆರೆದಿತ್ತು. ಒಳಗೆ, ಅವಳ ಜಾಗದಲ್ಲಿ, ಅವಳ ಮಣೆಯ ಮೇಲೆ, ಚಿನ್ನತಾಯಿ ಕೂತಿದ್ದಳು. ಎರಡು ಬೀದಿ ಆಚೆಯ ಚಿನ್ನತಾಯಿ, ಊರಲ್ಲೆಲ್ಲ ಕೆಚ್ಚಲು ಕರೆಯುವ ಹೆಂಗಸು, ಹಿಂದೆ ಕಲೈವಾಣಿಯ ಜೊತೆ ಎದುರುಬದುರು ಕೂತು ಪಂದ್ಯ ಕಟ್ಟಿ ಸೋತವಳು. ಧನಶೇಖರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನಿನ ಟಾರ್ಚನ್ನು ಎಳೆಗಳ ಮೇಲೆ ಹಿಡಿದಿದ್ದ.

"ಇಲ್ನೋಡು ಧನಶೇಖರಾ, ಎಲ್ಡೆಳೆ ತಂದು ಒಂದಕ್ಕೇ ಕಟ್ಟವ್ಳೆ. ಇಲ್ಲಿ ಬಿಟ್ಟೇಬಿಟ್ಟವ್ಳೆ. ಇದು ಬರೀ ಬೂದಿ ಹೊಸೆದವ್ಳೆ, ಎಳೆನೇ ಇಲ್ಲ."

"ಮೆಲ್ಲಗೆ ಮಾತಾಡಕ್ಕಾ. ಕರೆಂಟು ಬೇರೆ ಓಗೈತೆ, ಎದ್ಬಿಡ್ತಾಳೆ."

"ಏಳ್ಲಿ. ಎಷ್ಟು ದಿನ ಹಿಂಗೆ ಕಳ್ಳಿ ತರ ಹಿತ್ತಲ ಬಾಗಿಲಲ್ಲಿ ಬರೋದು ನಾನು? ನನ್ನ ಗಂಡ ಕೇಳ್ತಾನೆ, ಏನೇ, ಧನಶೇಖರನ ಮನೆಗೆ ಹಿಂದ್ಗಡೆಯಿಂದ ಓಗ್ತೀಯಂತೆ ಅಂತ."

ಚೆಲ್ಲಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅತ್ತೆ ನಗುವುದನ್ನು ನೋಡಿ ಕಲೈವಾಣಿಗೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು, ಮೈ ಉರಿಯಿತು.

"ತಮಾಷೆ ಅಲ್ಲ ಚೆಲ್ಲಮ್ಮತ್ತೆ" ಎಂದಳು ಚಿನ್ನತಾಯಿ, ಕೈ ನಿಲ್ಲಿಸದೆ. ತಪ್ಪಿದ ಕೆಚ್ಚುಗಳನ್ನು ಚಿವುಟಿ ಚಿವುಟಿ ಪಕ್ಕದ ತಟ್ಟೆಗೆ ಹಾಕುತ್ತಿದ್ದಳು. "ನಾನು ಎಣಿಸ್ತೀನಿ, ನಂಗೆ ಮೊದ್ಲಿಂದ ಅಭ್ಯಾಸ. ಮೊದಲ್ನೇ ಹಾಸಲ್ಲಿ ಮಧ್ಯಾಹ್ನಕ್ಕೆ ಹನ್ನೆರಡು ತಪ್ಪು ಇತ್ತು. ಆಮೇಲಿಂದರಲ್ಲಿ ಇಪ್ಪತ್ತಾರು. ಓದ್ಸಲ ನಲವತ್ತು. ಈಗ ನೋಡಿ, ಅರವತ್ಮೂರು. ಕೈ ಸರಿ ಓಗ್ತೈತೆ ಅಂತ ಬೀದಿಗೆಲ್ಲ ಏಳ್ಕೊಂಡು ತಿರುಗ್ತೀಯಲ್ಲ ಧನಶೇಖರಾ, ಇದಾ ಸರಿ ಓಗೋದು?"

"ವೈತ್ತಿಯಂ, ಮಾತ್ರೆ ಎಲ್ಲ ನಡೀತೈತಲ್ಲಕ್ಕಾ. ಆಯ್ತದೆ. ಅವಳಿಗೆ ಮನಸ್ಸಲ್ಲಿ ತೆಂಬು, ಧೈರ್ಯ ಇದ್ರೆ ತಾನೇ ಒಳಗಿನದೂ ಬೆಳೆಯೋದು?"

"ಡಾಕ್ಟರಿಗೆ ಏಳಿದೀಯಾ?"

ಧನಶೇಖರ್ ಟಾರ್ಚನ್ನು ಇನ್ನೊಂದು ಕೈಗೆ ದಾಟಿಸಿಕೊಂಡ. "ಶರಣ್ಯಾಗೂ ಗೊತ್ತಿಲ್ಲ" ಎಂದ ಆಮೇಲೆ, ಅದು ಉತ್ತರವೋ ಎಂಬಂತೆ. "ಅದು ಅಮ್ಮನ ಕೈ ಹೆಂಗೆ ಸರಿಯಾಗ್ತೈತೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊತಾ ಐತೆ, ಕಾಲೇಜಲ್ಲಿ ಓದಕ್ಕೆ. ಏಳ್ಬ್ಯಾಡ ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ."

ಕಲೈವಾಣಿ ನೀರು ಸುರಿದುಕೊಳ್ಳಲಿಲ್ಲ. ಗೋಡೆಯನ್ನು ಬಲಗೈಯಿಂದ ಹಿಡಿದು, ಎಡಗಾಲು ನೆಲದ ಮೇಲೆ ಎಲ್ಲಿ ಬೀಳುತ್ತಿದೆ ಎಂದು ನೋಡಿ ನೋಡಿ ಇಡುತ್ತ, ತನ್ನದೇ ಮನೆಯಲ್ಲಿ ತಾನೂ ಕಳ್ಳಿಯ ಹಾಗೆ ಕೋಣೆಗೆ ಹಿಂದಿರುಗಿ ಚಾಪೆಯ ಮೇಲೆ ಮಲಗಿದಳು. ಟವೆಲು ಆಗಲೇ ಒಣಗಿತ್ತು. ಎದ್ದು ಹೋಗಿ ತಟ್ಟೆಯನ್ನು ಒದೆಯಬೇಕೆನ್ನಿಸಿತು. ಒದೆಯಲು ಹೋದರೆ ಕಾಲು ತಟ್ಟೆಗೆ ತಗಲುತ್ತದೆಂಬ ಭರವಸೆಯಿಲ್ಲ, ಬಿದ್ದರೆ ಮೂವರೂ ಓಡಿಬಂದು ಎತ್ತುತ್ತಾರೆ, ಎತ್ತಿ ಹುರುಳಿ ಕೊಡುತ್ತಾರೆ. ಇಲಿಗಳೇ ಪುಣ್ಯವಂತರು. ಅವುಗಳ ತಲೆಯನ್ನು ಸೀಳಿ ನೋಡಿ ಹೊದಿಕೆ ಬೆಳೆದಿದೆಯೋ ಇಲ್ಲವೋ ಎಂದು ಬರೆದುಕೊಳ್ಳುತ್ತಾರೆ, ಅವುಗಳ ಗಂಡಂದಿರನ್ನು ಕೇಳುವುದಿಲ್ಲ. ಯಾವ ಇಲಿಗೂ ಅದರ ಅತ್ತೆ, ನಿನ್ನ ಕೈ ಚೆನ್ನಾಗಾಗಿದೆ ಎಂದು ಹೇಳಿ ಹಿಂದಿನಿಂದ ಬೇರೆ ಇಲಿಯನ್ನು ಕರೆಸಿರುವುದಿಲ್ಲ. ಮೂರು ಹಾಸು! ಮೂರು ಹಾಸಿನ ಹೆಮ್ಮೆಯನ್ನು ಅವಳು ಎಲ್ಲೆಲ್ಲಿ ಇಟ್ಟಿದ್ದಳೋ ಅಲ್ಲಲ್ಲಿಂದ ಈಗ ಒಂದೊಂದಾಗಿ ಹೊರಗೆ ತೆಗೆಯಬೇಕಾಗಿತ್ತು. ನಾರಾಯಣಮ್ಮನ ಮುಂದೆ ಕೈ ಚಾಚಿ ತೋರಿಸಿದ್ದು. ಎರಡು ವಾರದ ಕೆಳಗೆ, ಯಾರೂ ಇಲ್ಲದಾಗ, ಎಡಗೈ ಬೆರಳುಗಳನ್ನು ಬಾಯಿಗೆ ಹತ್ತಿರ ಹಿಡಿದು, ಬೆಳೀರಿ, ಬೆಳೀರಿ ಎಂದು ಮೆಲ್ಲಗೆ ಹೇಳಿದ್ದು. ಅಯ್ಯೋ. ಅದನ್ನು ನೆನೆದು ಕತ್ತಲಾದ ಕೋಣೆಯಲ್ಲೂ ಮುಖ ಮುಚ್ಚಿಕೊಂಡಳು.

ಆದರೆ ನಾಚಿಕೆಯ ಕೆಳಗೆ ಇನ್ನೊಂದಿತ್ತು, ಅದು ತಣ್ಣಗಿತ್ತು. ಇವರು ಸುಳ್ಳು ಹೇಳಿದ್ದು ಅವಳಿಗೆ. ಅವಳು ಸುಳ್ಳು ಹೇಳಿದ್ದು ಡಾಕ್ಟರಿಗೆ. ಗೊತ್ತಿಲ್ಲದೆ ಹೇಳಿದ್ದು ಎಂದುಕೊಳ್ಳಲು ನೋಡಿದಳು. ಅಂಗಿಯ ಗುಂಡಿಗೆ ಗೊತ್ತಿತ್ತು, ಚಮಚಕ್ಕೆ ಗೊತ್ತಿತ್ತು, ಮೆಟ್ಟಿಲಿಗೆ ಗೊತ್ತಿತ್ತು. ಬಟ್ಟೆಯ ಮಾತು ಸಿಹಿಯಾಗಿದ್ದರಿಂದ ಅದೊಂದನ್ನೇ ಅವಳು ಒಯ್ದು ಡಾಕ್ಟರ ಮುಂದೆ ಇಟ್ಟಿದ್ದಳು. ಅವರು ಅದನ್ನು ನಂಬಿ ಸ್ಕ್ಯಾನು ಬಿಟ್ಟರು. ಆ ಎರಡು ತಿಂಗಳಲ್ಲಿ ಒಳಗೆ ಎಷ್ಟು ತಿಂದುಹೋಗಿದೆಯೋ. ಅರವತ್ತಮೂರು ಎಂದರೆ ಎಷ್ಟು? ಹನ್ನೆರಡರಿಂದ ಅರವತ್ತಮೂರಕ್ಕೆ ಹೋಗಲು ಆರು ತಿಂಗಳೂ ಆಗಿಲ್ಲ. ಹೀಗೆಯೇ ಹೋದರೆ ಬಲಗೈಗೆ ಬರಲು ಎಷ್ಟು ದಿನ, ಎಡಗಣ್ಣಿಗೆ ಬರಲು ಎಷ್ಟು ದಿನ? ಹೋದದ್ದನ್ನು ತರುವ ಪ್ರೋಟೀನು ಯಾವತ್ತೋ ಬರಲಿ, ಶರಣ್ಯ ಮುದುಕಿಯಾಗುವ ಹೊತ್ತಿಗೆ ಬರಲಿ. ಅದು ಬಂದ ದಿನ ಸುತ್ತಲು ನರವಾದರೂ ಉಳಿದಿರಬೇಡವೇ? ಆಸ್ಪತ್ರೆಯ ಅಷ್ಟು ದೊಡ್ಡ ಯಂತ್ರ, ಅಷ್ಟು ಫಿಲಂ, ಅಷ್ಟು ಚೀಟಿಗಳ ನಡುವೆ ಅವಳ ಕಾಯಿಲೆಯ ನಿಜವಾದ ಲೆಕ್ಕ ಈ ಊರಿನಲ್ಲಿ ಒಬ್ಬಳ ಹತ್ತಿರ ಮಾತ್ರ ಇತ್ತು, ಅವಳು ಹಿತ್ತಲ ಬಾಗಿಲಿಂದ ಬಂದು ಹೋಗುತ್ತಿದ್ದಳು. ಹನ್ನೆರಡು, ಇಪ್ಪತ್ತಾರು, ನಲವತ್ತು, ಅರವತ್ತಮೂರು. ಮರೆಯದಂತೆ ಅವಳು ಇನ್ನೊಮ್ಮೆ ಹೇಳಿಕೊಂಡಳು.

ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಚೆಲ್ಲಮ್ಮ ಬಾಗಿಲು ತೆರೆದು, "ಎದ್ಯೇನಮ್ಮಾ, ಸೆಖೆಗೆ ನಿದ್ದೆ ಬಂತಾ?" ಎಂದಳು. ಬಂತು, ಎಂದಳು ಕಲೈವಾಣಿ. ತನ್ನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಮಗ್ಗದ ಕೋಣೆಯಲ್ಲಿ ತಟ್ಟೆ ಇರಲಿಲ್ಲ. ಮಣೆ ಮಾತ್ರ ಅಂಗೈಯಗಲ ಸರಿದಿತ್ತು. ಬೆಳಗ್ಗೆ ತಾನು ಕೆಚ್ಚಿದ ಎಳೆಗಳ ಮೇಲೆ ಅವಳು ಎಡಗಣ್ಣಿನಿಂದ ನೋಡುತ್ತ ಹೋದಳು. ಚೆನ್ನಾಗಿದ್ದವು. ಗೊತ್ತಿದ್ದು ನೋಡಿದರೂ ಯಾವುದು ತನ್ನದು ಯಾವುದು ಚಿನ್ನತಾಯಿಯದು ಎಂದು ಬೇರೆ ಮಾಡಲಾಗಲಿಲ್ಲ.

"ನೋಡು, ಒಂದಾದ್ರೂ ತಪ್ಪೈತಾ?" ಎಂದ ಧನಶೇಖರ್, ಹಣಿಗೆ ಒರೆಸುತ್ತ. ಅವನ ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಅಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದವನ ಮಂಡಿ ನೋಯುತ್ತಿರಬೇಕು, ಏಳುವಾಗ ಮಗ್ಗದ ಕಂಬ ಹಿಡಿದು ಎದ್ದ. ಇವನನ್ನು ದ್ವೇಷಿಸಲು ಯಾರಾದರೂ ಒಂದು ಸರಿಯಾದ ಕಾರಣ ಕೊಡಬಾರದೇ ಎಂದು ಅವಳಿಗೆ ಅನ್ನಿಸಿತು.

"ಇಲ್ಲ" ಎಂದಳು.

"ಬರೋ ವಾರ ಡಾಕ್ಟರ ಹತ್ರ ಓದಾಗ ನಾಲ್ಕು ಹಾಸು ಅಂತ ಏಳೋಣ. ಗುರುವಾರ ನಾನು ಮಗ್ಗ ನಿಲ್ಲಿಸಿ ಬರ್ತೀನಿ."

"ಏಳೋಣ" ಎಂದಳು.

ಸಂಜೆಯವರೆಗೆ ಅವಳು ಉಳಿದ ಅರ್ಧ ಕೆಚ್ಚಿದಳು. ಬೆಳಗ್ಗೆ ಮಾಡಿದಂತೆ ಪ್ರತಿ ಎಳೆಯನ್ನೂ ಬಾಗಿ ನೋಡಲಿಲ್ಲ. ಕೈಯನ್ನು ಅದರ ಪಾಡಿಗೆ ಬಿಟ್ಟಳು, ಹಳೆಯ ವೇಗದಲ್ಲಿ, ತಲೆ ಎತ್ತಿ. ಜಾರಿದ್ದು ಜಾರಲಿ, ಬರೀ ಬೂದಿ ಹೊಸೆದರೆ ಹೊಸೆಯಲಿ, ಈ ಕೈ ನಿಜವಾಗಿ ಎಷ್ಟು ಮಾಡುತ್ತದೋ ಅಷ್ಟೇ ಈ ಹಾಸಿನಲ್ಲಿ ಇರಲಿ. ಚೆಲ್ಲಮ್ಮ ಒಂದೆರಡು ಸಲ ಕಣ್ಣೆತ್ತಿ ಅವಳನ್ನು ನೋಡಿ ಮತ್ತೆ ತನ್ನ ಎಳೆಗಳಿಗೆ ಬಗ್ಗಿದಳು. ಐದೂವರೆಗೆ ಶರಣ್ಯ ಕಾಲೇಜು ಬಸ್ಸಿಳಿದು ಬಂದಳು, ಬ್ಯಾಗು ಬಿಸಾಕಿ, ಎಳೆಗಳ ಹತ್ತಿರ ಬಗ್ಗಿ, "ಸೂಪರಮ್ಮಾ! ಎಷ್ಟು ಫಾಸ್ಟಾಗಿ ಮಾಡ್ತಾ ಇದೀಯ!" ಎಂದಳು. ಕಲೈವಾಣಿ 'ಉಣ್ಣೋಗು' ಎಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಹುಡುಗಿಯ ಮುಖ ಸಣ್ಣದಾಯಿತು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಳ್ಳುತ್ತಾಳೇನೋ, ಅಮ್ಮನಿಗೆ ಸಿಟ್ಟು ಜಾಸ್ತಿಯಾಗಿದೆ ಎಂದು. ಅದೊಂದಾದರೂ ಸರಿಯಾದ ಮಾಹಿತಿ.

ಕೊನೆಯ ಎಳೆ ಕೆಚ್ಚಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಚೆಲ್ಲಮ್ಮ ಸೀರೆ ಬದಲಾಯಿಸಿ ನಿಂತಿದ್ದಳು. "ಬಾಮ್ಮಾ, ಅಮ್ಮನೋರ ಗುಡಿಗೆ ಓಗಿ ಬರೋಣ. ಹಾಸು ಕೂಡಿದ ದಿನ ಓಗ್ಬೇಕು." ಪ್ರತಿ ಹಾಸಿಗೂ ಹೀಗೆಯೇ, ಕಳೆದ ಆರು ತಿಂಗಳಿಂದ. ಅದಕ್ಕೆ ಮೊದಲು ಇಂಥ ಪದ್ಧತಿ ಈ ಮನೆಯಲ್ಲಿ ಇರಲಿಲ್ಲ ಎಂಬುದು ಅವಳಿಗೆ ಈ ಕ್ಷಣ ಹೊಳೆಯಿತು. ಉಳಿದರ್ಧ ತಿದ್ದಲು ಹೊತ್ತು ಬೇಕಲ್ಲ ಚಿನ್ನತಾಯಿಗೆ. ಈ ನಾಟಕದಲ್ಲಿ ಗುಡಿಯ ಚೌಡೇಶ್ವರಿಯನ್ನೂ ಇವರು ಬಿಟ್ಟಿಲ್ಲ. ಅವಳು ಬಗ್ಗಿ, ಎಡಗಾಲು ಚಪ್ಪಲಿಯೊಳಗೆ ಹೋಗಿದೆಯೇ ಎಂದು ನೋಡಿಕೊಂಡು, ಅತ್ತೆಯ ತೋಳು ಹಿಡಿದು ಬೀದಿಗಿಳಿದಳು. ಮೂಲೆಯಲ್ಲಿ, ಗೋಡೆಗಂಟಿಕೊಂಡು, ಕೈಯಲ್ಲಿ ನೆಪಕ್ಕೊಂದು ಖಾಲಿ ಪಾತ್ರೆ ಹಿಡಿದ ಚಿನ್ನತಾಯಿ ಎದುರಾದಳು.

"ಗುಡಿಗಾ? ಓಗ್ಬನ್ನಿ, ಓಗ್ಬನ್ನಿ. ಆತ್ರ ಬ್ಯಾಡ, ನಿಧಾನವಾಗಿ ಸೇವೆ ಮುಗಿಸ್ಕೊಂಡು ಬನ್ನಿ" ಎಂದಳು, ಅತ್ತೆಯ ಕಡೆ ನೋಡುತ್ತ.

"ಆಗ್ಲಿ ಅಕ್ಕಾ" ಎಂದಳು ಕಲೈವಾಣಿ. ಅವಳ ಮೇಲೆ ಮಾತ್ರ ಯಾಕೋ ಸಿಟ್ಟು ಬರಲಿಲ್ಲ.

ಗುರುವಾರವಲ್ಲದೆ ಮಂಗಳವಾರವೂ ನರದ ಡಾಕ್ಟರು ಕೂರುತ್ತಾರೆ. ಧನಶೇಖರ್ ಅಂದು ಸೊಸೈಟಿಗೆ ಹೋದರೆ ಊಟದ ಹೊತ್ತಿನವರೆಗೆ ಬರುವುದಿಲ್ಲ. ಶರಣ್ಯಳ ಬಸ್ಸು ಏಳೂವರೆಗೆ. ನಾರಾಯಣಮ್ಮನ ಮನೆಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ ಮೂಲೆಯಿಂದ ಆಟೋ ಹಿಡಿದರೆ ಆಯಿತು. ಆಸ್ಪತ್ರೆಯ ಮೆಟ್ಟಿಲಿಗೆ ಕಟಕಟೆ ಇದೆ, ಬಲಗೈ ಇನ್ನೂ ಹಿಡಿಯುತ್ತದೆ. ಅಲ್ಲಿ ಗಂಡ ಪಕ್ಕದಲ್ಲಿರುವುದಿಲ್ಲ, ಸರಿಂಗ ಸಾರ್ ಎನ್ನಲು. ಆಮೇಲೆ ಡ್ರಿಪ್ಪು ಎಂದರೆ ಮನೆಗೆ ತಿಳಿಯದೆ ಇರುವುದಿಲ್ಲ, ಆಗ ಡಾಕ್ಟರೇ ಹೇಳಿದರು ಎಂದರಾಯಿತು. ಕಿಟಕಿಯ ಮಾತು, ಟಾರ್ಚಿನ ಮಾತು ಅವಳು ಎತ್ತುವುದಿಲ್ಲ. ಅದನ್ನು ಅವರು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಡಾಕ್ಟರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಅವಳು ತಮಿಳಿನಲ್ಲಿ ಒಂದೊಂದೇ ಮಾತು ಕೂಡಿಸಿಕೊಂಡಳು. ಸಾರ್, ಪೋನ ತಡವೆ ನಾನ್ ಸೊನ್ನದು ತಪ್ಪು, ಹೋದ ಸಲ ನಾನು ಹೇಳಿದ್ದು ತಪ್ಪು. ಆಮೇಲೆ ಚಿನ್ನತಾಯಿಯ ಆ ನಾಲ್ಕು ಲೆಕ್ಕ. ಪನ್ನೆಂಡು. ಇರುವತ್ತಾರು. ನಾಪ್ಪದು. ಅರುವತ್ತಿಮೂಣು.

"ಏನಮ್ಮಾ ಬಾಯಲ್ಲೇ ಗೊಣಗ್ತಾ ಬತ್ತಾ ಇದೀಯ? ಅಮ್ಮನೋರ್ಗೆ ಹರಕೆನಾ?" ಎಂದಳು ಚೆಲ್ಲಮ್ಮ.

"ಊಂ ಅತ್ತೆ" ಎಂದಳು ಕಲೈವಾಣಿ.

"ಬೇಡ್ಕೊ, ಚೆನ್ನಾಗಿ ಬೇಡ್ಕೊ" ಎಂದು ಅತ್ತೆ ಅವಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಲೈವಾಣಿ ಬಿಡಿಸಿಕೊಳ್ಳಲಿಲ್ಲ, ಚರಂಡಿಯ ಹಲಗೆ ಬಂತು, ಎಡಗಾಲನ್ನು ನೋಡಿ ಎತ್ತಿಟ್ಟಳು, ಮತ್ತೆ ಮೊದಲಿನಿಂದ ಹೇಳಿಕೊಳ್ಳತೊಡಗಿದಳು.